ಒಂದು ಮನೆಗೆ ಒಂದೇ ಜೊತೆ

ನಮ್ಮ ಮನೆಯಲ್ಲಿ ಹೆಣಿಗೆಗೆ ಸಾಲುವಷ್ಟು ಬೆಳಕು ಬೀಳುತ್ತಿದ್ದದ್ದು ಒಂದೇ ಕಡೆ. ಪಡಸಾಲೆಯ ಹೊಸ್ತಿಲಿನ ಒಳಬದಿಗೆ, ಮಧ್ಯಾಹ್ನದ ಊಟ ಮುಗಿದಾಗಿನಿಂದ ಅಪ್ಪ ಆಫೀಸಿನಿಂದ ಬರುವವರೆಗೆ, ಅರ್ಧ ಚಾಪೆಯಷ್ಟು ಬಿಸಿಲು. ಉಳಿದ ಎರಡು ಕೋಣೆಗಳಲ್ಲಿ ಹಗಲಲ್ಲೂ ಮಬ್ಬು. ಬೀದರಿನ ಹಳೆ ಓಣಿಗಳಲ್ಲಿ ಕೆಂಪು ಕಲ್ಲಿನ ದಪ್ಪ ಗೋಡೆ ಎಬ್ಬಿಸಿದವರು ಬೇಸಿಗೆಗೆ ಹೆದರಿ ಮನೆ ಕಟ್ಟಿದ್ದರು, ಚಳಿಗಾಲ ಅವರಿಗೆ ನೆನಪಿದ್ದಂತಿಲ್ಲ. ಕಾರ್ತಿಕ ಮುಗಿದರೆ ನೆಲ ಎಷ್ಟು ತಣ್ಣಗಾಗುತ್ತಿತ್ತೆಂದರೆ, ಅಪ್ಪ ಊಟಕ್ಕೆ ಕೂತಾಗಲೂ ಕಾಲುಚೀಲ ತೆಗೆಯುತ್ತಿರಲಿಲ್ಲ. ನಮ್ಮ ಕಡೆ ಅದಕ್ಕೆ ಮೋಜಾ ಅನ್ನುತ್ತಾರೆ. ಅಪ್ಪನ ಮೋಜಾಗಳನ್ನೆಲ್ಲ ಹೆಣೆಯುತ್ತಿದ್ದವಳು ಅವ್ವ. ಅರ್ಧ ಚಾಪೆಯ ಆ ಬಿಸಿಲಲ್ಲಿ ಅವಳ ಮಂಡಿ, ಅದಕ್ಕೆ ತಾಗಿ ನನ್ನ ಮಂಡಿ. ಮೂರನೆಯ ಮಂಡಿಗೆ ಅಲ್ಲಿ ಜಾಗವಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಇತ್ತೋ ಏನೋ. ಹೋದ ವರ್ಷ ಆ ಓಣಿಗೆ ಹೋಗಿ ನೋಡಿದೆ. ಪಡಸಾಲೆ ಇದ್ದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಇದೆ. ಬಿಸಿಲನ್ನು ಅಳೆಯಲು ಹೊಸ್ತಿಲೇ ಉಳಿದಿಲ್ಲವಾದ್ದರಿಂದ ನಾನು ಹೇಳಿದ್ದನ್ನು ನೀವು ಹಾಗೇ ನಂಬಬೇಕಾಗಿಲ್ಲ.

ಮೂರನೆಯ ಮಂಡಿ ನಂದಾಳದು. ಅವ್ವನ ಅಕ್ಕನ ಮಗಳು, ಭಾಲ್ಕಿಯವಳು, ಪೂರ್ತಿ ಹೆಸರು ಮಹಾನಂದಾ. ಅವರ ಮನೆಯಲ್ಲಿ ಮಕ್ಕಳು ಹೆಚ್ಚು, ನಮ್ಮ ಮನೆಯಲ್ಲಿ ನಾನೊಬ್ಬಳೇ. ಬೀದರಿನಲ್ಲಿ ಓದಲಿ ಎಂದು ಕಳಿಸಿದ್ದರು. ಒಂದು ತಗಡಿನ ಪೆಟ್ಟಿಗೆ, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಯಾರೇನು ಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಳ್ಳುವ ಅಭ್ಯಾಸ. ನನಗಿಂತ ಒಂದು ವರ್ಷ ದೊಡ್ಡವಳು. ಬಂದ ದಿನವೇ ಅವ್ವ ನನಗೆ ಹೇಳಿದ್ದಳು:

"ನಂದಕ್ಕಾ ಅನ್ನಬೇಕು. ಬರೇ ಹೆಸರ ಹಿಡದು ಕರದ್ರ ನೋಡು ಮತ್ತ."

ನಾನು ಅಕ್ಕ ಅನ್ನಲಿಲ್ಲ. ಹೆಸರನ್ನೂ ಹಿಡಿಯಲಿಲ್ಲ. 'ಏ' ಎನ್ನುತ್ತಿದ್ದೆ, ಇಲ್ಲವೆ ಅವಳು ನನ್ನ ಕಡೆ ನೋಡುವವರೆಗೆ ಕಾದು ಮಾತಾಡುತ್ತಿದ್ದೆ. ಅವಳು ಬಂದ ತಿಂಗಳೊಳಗೆ ಅವ್ವ ಅವಳ ಕೈಗೂ ಕಡ್ಡಿ ಕೊಟ್ಟಳು. ನಾನು ಎರಡು ಚಳಿಗಾಲ ಕಲಿತದ್ದನ್ನು ಅವಳು ಎಂಟು ದಿನದಲ್ಲಿ ಕಲಿತಳು. ಎಂಟು ದಿನ ಎನ್ನುವುದು ನನ್ನ ಹೊಟ್ಟೆಕಿಚ್ಚಿನ ಲೆಕ್ಕ, ನಿಜವಾಗಿ ಹದಿನೈದು ದಿನ ಹಿಡಿದಿರಬಹುದು.

ಆ ಕಾಲದಲ್ಲಿ ನಮ್ಮ ಓಣಿಯ ಹೆಂಗಸರಿಗೆ ಹೆಣಿಗೆಯ ಹುಚ್ಚು ಹಿಡಿಸಿದವರು ಒಬ್ಬ ಪಂಜಾಬಿ ಬಾಯಿಯವರು. ಗಂಡನಿಗೆ ವಾಯುಪಡೆಯಲ್ಲಿ ನೌಕರಿ. ವಾರಕ್ಕೊಮ್ಮೆ ಕ್ವಾರ್ಟರ್ಸಿನಿಂದ ಬಂದು ಓಣಿಯ ಮಹಿಳಾ ಮಂಡಳದ ಕೋಣೆಯಲ್ಲಿ ಕೂಡುತ್ತಿದ್ದರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ನಮ್ಮವರು ಕನ್ನಡದಲ್ಲಿ ತಪ್ಪು ಮಾಡುತ್ತಿದ್ದರು. ಪ್ರತಿ ಚಳಿಗಾಲಕ್ಕೆ ಒಂದು ಪಂದ್ಯ ಇಡುತ್ತಿದ್ದರು. ದೀಪಾವಳಿಯ ಪಾಡ್ಯದಂದು ಶುರು ಮಾಡಿ, ಎಳ್ಳಮಾವಾಸ್ಯೆಯ ಹಿಂದಿನ ಭಾನುವಾರ ಮೋಜಾದ ಜೊತೆಯನ್ನು ತಂದು ಮಂಡಳದ ಹಗ್ಗಕ್ಕೆ ತೂಗುಹಾಕಬೇಕು. ಗೆದ್ದವರಿಗೆ ಕಾರ್ಖಾನೆಯಲ್ಲಿ ಮಾಡಿದ ಉಕ್ಕಿನ ಕಡ್ಡಿಗಳ ಒಂದು ಕಟ್ಟು. ಒಮ್ಮೆ ಒಂದೇ ಮನೆಯ ಮೂವರು ಸೊಸೆಯರು ಏಳು ಜೊತೆ ತಂದು ಹಗ್ಗವೆಲ್ಲ ತಮ್ಮದೇ ಮಾಡಿಕೊಂಡಿದ್ದರಿಂದ, ಅಂದಿನಿಂದ ಒಂದು ಮನೆಗೆ ಒಂದೇ ಜೊತೆ. ಇನ್ನೊಂದು ನಿಯಮ, ಒಂದು ವರ್ಷ ಗೆದ್ದವರು ಮರುವರ್ಷ ಹೆಣೆಯಬಾರದು, ಕಲಿಸಬೇಕು. ಅವ್ವ ಹಿಂದಿನ ವರ್ಷ ಗೆದ್ದಿದ್ದಳು. ಹಾಗಾಗಿ ಆ ಸಲ ನಮ್ಮ ಮನೆಯಿಂದ ಹಗ್ಗಕ್ಕೇರುವುದು ನನ್ನ ಜೊತೆ, ಇಲ್ಲವೆ ನಂದಾಳ ಜೊತೆ. ಯಾವುದೆಂದು ಅವ್ವ ಹೇಳಬೇಕು.

ಕಾಲುಚೀಲ ಹೆಣೆಯಲು ಎರಡೂ ತುದಿ ಚೂಪಾದ ನಾಲ್ಕು ಕಡ್ಡಿ ಬೇಕು. ಮೂರರ ಮೇಲೆ ಕುಣಿಕೆಗಳು ಸುತ್ತ ಕೂಡುತ್ತವೆ, ನಾಲ್ಕನೆಯದು ಹೆಣೆಯುತ್ತದೆ. ಉಕ್ಕಿನವು ಬೀದರಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಸೈಕಲ್ ಗಾಲಿಯ ಸ್ಪೋಕುಗಳೇ ನಮ್ಮ ಕಡ್ಡಿ. ಓಣಿಯ ತಿರುವಿನಲ್ಲಿದ್ದ ಸೈಕಲ್ ಅಂಗಡಿಯ ಖಾಜಾ ಚಾಚಾ ಅವನ್ನು ಕತ್ತರಿಸಿ, ತುದಿಗಳನ್ನು ಕಾನಸಿನಲ್ಲಿ, ಅಂದರೆ ಅರದಲ್ಲಿ, ಉಜ್ಜಿ, ತಮ್ಮ ಗಲ್ಲಕ್ಕೆ ಚುಚ್ಚಿ ನೋಡಿ ಕೊಡುತ್ತಿದ್ದರು. ನಂದಾಳಿಗೂ ಒಂದು ಕಟ್ಟು ತರಲು ಅವ್ವ ನನ್ನನ್ನೇ ಕಳಿಸಿದ್ದಳು.

"ಫಿರ್ ಆಗಯೀ? ನಿಂದು ಮುರದು ಹೋಯ್ತೇನವಾ?"

"ನಂದಲ್ರಿ ಚಾಚಾ. ಭಾಲ್ಕಿದಾಕಿ ಬಂದಾಳಲ್ಲ, ಆಕಿಗಿ."

"ನಿಂದು ರಿಕ್ಷಾದ ಗಾಲಿದು ಇತ್ತು, ದಪ್ಪ. ಅಂಥಾದು ಈಗ ಇಲ್ಲ. ಇದು ಸಾದಾ ಸೈಕಲ್‌ದು, ಜರಾ ಬಾರೀಕ್. ನಡೀತದೇನ್ ನೋಡು."

ನಡೆಯುತ್ತದೆ ಎಂದೆ. ಹೊಸವು ತೆಳುವಾದರೂ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತಿದ್ದವು. ಅದಲುಬದಲಾಗಬಾರದೆಂದು ಅವ್ವ ನನ್ನ ಕಟ್ಟಿಗೆ ಕೆಂಪು ದಾರ, ನಂದಾಳ ಕಟ್ಟಿಗೆ ಕರಿ ದಾರ ಕಟ್ಟಿದಳು.

ಹೊಟ್ಟೆಕಿಚ್ಚು ಎಂದರೆ ಅವಳನ್ನು ಅವ್ವ ಹೊಗಳಿದ್ದಕ್ಕೆ ಎಂದು ನೀವು ತಿಳಿದಿರಬಹುದು. ಅವ್ವ ಅವಳನ್ನು ಒಮ್ಮೆಯೂ ಹೊಗಳಲಿಲ್ಲ. ದಿನಾ ಅವಳ ಹೆಣಿಗೆಯೊಳಗೆ ತನ್ನ ಎಡಗೈ ತೂರಿಸಿ, ಬೆರಳು ಅಗಲಿಸಿ, ಬಿಸಿಲಿಗೆ ಎತ್ತಿ ಹಿಡಿಯುತ್ತಿದ್ದಳು. ಹಾಗೆ ನೋಡುವಾಗ ಅವಳ ಮುಖ ಬೇರೆಯೇ ಆಗುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಹುಡುಕುವಾಗಲೂ ಅಷ್ಟು ಕಣ್ಣಿಟ್ಟು ನೋಡಿದ್ದು ನಾನು ಕಂಡಿಲ್ಲ.

"ಇಲ್ಲಿ ನೋಡು ನಂದಾ. ಹಿಮ್ಮಡಿ ತಿರುಗೋ ಕಡಿ ಒಂದು ಕುಣಿಕಿ ಜಾರ್ಯಾದ. ಬಿಚ್ಚು."

"ಮ್ಯಾಲಿಂದ ಕಾಣಂಗಿಲ್ಲಲ್ರಿ ಮೌಶಿ."

"ನನಗ ಕಾಣಸ್ತಲ್ಲ. ಬಿಚ್ಚು."

ನಂದಾ ತುಟಿ ಕಚ್ಚಿ ಕಡ್ಡಿ ಎಳೆಯುತ್ತಿದ್ದಳು. ಒಂದು ಮಧ್ಯಾಹ್ನದ ಕೆಲಸ ಪಟಪಟ ಬಿಚ್ಚಿ ಗುಂಗುರು ಉಲ್ಲನ್ನಾಗಿ ಅವಳ ಮಡಿಲಲ್ಲಿ ಬೀಳುತ್ತಿತ್ತು. ನನ್ನ ಸರದಿ ಬಂದಾಗ ಅವ್ವ ಕೈ ತೂರಿಸುತ್ತಿರಲಿಲ್ಲ. ಕೂತಲ್ಲಿಂದಲೇ ಒಂದು ನೋಟ.

"ನಮ್ಮ ಜಗುಂದು ಭಾಳ ಚಲೋ ಆಗಲಾಕತ್ತಾದ. ಏಳವಾ, ಕಾಲು ಜೋಮು ಹಿಡೀತದ, ಆಡಲಾಕ ಹೋಗು."

ಅವಳಿಗೆ ಎಷ್ಟು ಸಲ ಬಿಚ್ಚಲು ಹೇಳಿದಳೆಂದು ನಾನು ಎಣಿಸುತ್ತಿದ್ದೆ. ಹನ್ನೊಂದು. ನನಗೆ ಒಂದೂ ಇಲ್ಲ. ಕೊನೆಗೆ ಒಂದು ದಿನ ಬೇಕೆಂದೇ ಒಂದು ಕುಣಿಕೆ ಬಿಟ್ಟೆ. ಅದು ನಾಲ್ಕು ಸುತ್ತು ಕೆಳಗೆ ಜಾರಿ, ಏಣಿಯಂತೆ ಗೆರೆ ಬಿದ್ದಿತು. ಅದನ್ನು ಅವ್ವನ ಮುಂದೆ ಹಿಡಿದೆ. ಅವಳು ತುರುಬಿನಿಂದ ಒಂದು ಪಿನ್ನು ಎಳೆದು, ಜಾರಿದ ಕುಣಿಕೆಯನ್ನು ಎತ್ತಿ ಎತ್ತಿ ಕಡ್ಡಿಗೇರಿಸಿದಳು. ನಾನು ಉಸಿರು ಬಿಡುವುದರೊಳಗೆ ಮುಗಿದಿತ್ತು. "ಆಯ್ತು ನೋಡು" ಎಂದು ಪಿನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು ನಂದಾಳ ಕಡೆ ತಿರುಗಿದಳು.

ಅವ್ವನ ಆ ಮುಖ ನನಗೆ ಬೇಕಿತ್ತು. ಅದು ನಂದಾಳ ಹೆಣಿಗೆಗೆ ಮಾತ್ರ ಸಿಗುತ್ತದೆ. ನಂದಾಳ ಹೆಣಿಗೆ ಬೇರೆಯಾಗಿರುವುದು ಹೇಗೆ? ಇಬ್ಬರ ಉಲ್ಲನ್ ಒಂದೇ ಉಂಡೆಯದು, ಕಲಿಸಿದವಳು ಒಬ್ಬಳೇ. ಕಡ್ಡಿ ಬೇರೆ. ಹಾಗಾದರೆ ಗುಣ ಕಡ್ಡಿಯದು. ಈಗ ಬರೆಯುವಾಗ ಈ ತರ್ಕ ಮೂರೇ ಸಾಲಿನಲ್ಲಿ ಎಷ್ಟು ಸಲೀಸಾಗಿ ಬಂದುಬಿಟ್ಟಿತು. ಹತ್ತು ವರ್ಷದ ಹುಡುಗಿ ಹೀಗೆ ಯೋಚಿಸಿರಲಾರಳು, ಬರೀ ಕಡ್ಡಿ ಕದಿಯಬೇಕೆಂದು ಅನಿಸಿರಬೇಕು. ಇಬ್ಬರದೂ ಮೊದಲ ಮೋಜಾ ಮುಗಿದು, ಕಡ್ಡಿಗಳು ಖಾಲಿಯಾಗಿ, ಕಟ್ಟುಗಳೆರಡೂ ಗೋಡೆಯ ಗೂಡಿನಲ್ಲಿದ್ದ ದಿನ ನಾನು ಅವನ್ನು ಅದಲುಬದಲು ಮಾಡಿದೆ.

ಇದನ್ನು ನಾನು ಮದುವೆ ಮನೆಗಳಲ್ಲಿ ಬೇರೆ ಥರ ಹೇಳಿ ನಗಿಸಿದ್ದೇನೆ. ಮಬ್ಬಿನಲ್ಲಿ ಕೈತಪ್ಪಿ ಒಬ್ಬರದು ಇನ್ನೊಬ್ಬರಿಗೆ ಹೋಯಿತು, ಕೊನೆಗೆ ನೋಡಿದರೆ ನನ್ನ ಒಂದು ಮೋಜಾಕ್ಕೂ ಅವಳ ಒಂದು ಮೋಜಾಕ್ಕೂ ಜೊತೆಯಾಯಿತು ಎಂದು. ಕೇಳಿದವರು ಅಯ್ಯೋ ಎಂದು ಖುಷಿಪಡುತ್ತಾರೆ. ಅದರಲ್ಲಿ ಒಂದೂ ನಿಜವಲ್ಲ. ಒಬ್ಬಳ ಕೈ ಬಿಗಿ, ಒಬ್ಬಳ ಕೈ ಸಡಿಲ, ಕಡ್ಡಿ ಯಾವುದಾದರೂ ನಮ್ಮಿಬ್ಬರ ಹೆಣಿಗೆ ಜೊತೆಯಾಗುವಂತಿರಲಿಲ್ಲ. ಇನ್ನು ಕೈತಪ್ಪಿದ್ದರ ಮಾತು. ಕಡ್ಡಿ ಬದಲಾದ ಮೇಲೂ ಕೆಂಪು ದಾರ ನನ್ನ ಕಟ್ಟಿನ ಮೇಲೇ ಇತ್ತು, ಕರಿ ದಾರ ಅವಳದರ ಮೇಲೇ ಇತ್ತು. ಅಂದರೆ ಯಾರೋ ಎರಡು ಗಂಟು ಬಿಚ್ಚಿ, ದಾರ ಬದಲಿಸಿ, ಎರಡು ಗಂಟು ಹಾಕಿದ್ದಾರೆ. ಮರೆವಿನಲ್ಲಿ ಯಾರೂ ಗಂಟು ಹಾಕುವುದಿಲ್ಲ.

ಈ ಅಧ್ಯಾಯ ಇಲ್ಲಿಗೆ ಬಂದಾಗ ನಂದಾಳಿಗೆ ಫೋನ್ ಮಾಡಿದೆ. ಈಗ ಅವಳು ಔರಾದಿನಲ್ಲಿದ್ದಾಳೆ, ಮೊಮ್ಮಕ್ಕಳಿದ್ದಾರೆ. ನಾವಿಬ್ಬರೂ ಫೋನಿನ ಒಂದು ಹೆಣಿಗೆ ಗುಂಪಿನಲ್ಲಿದ್ದೇವೆ. ತಿಂಗಳಿಗೊಂದು ಜೊತೆ ಮೋಜಾ ಹೆಣೆದು ಚಿತ್ರ ಹಾಕುವ ಪಂದ್ಯ ಅಲ್ಲಿ ವರ್ಷವಿಡೀ ನಡೆಯುತ್ತದೆ. ಅವಳು ಪ್ರತಿ ತಿಂಗಳ ಹತ್ತನೇ ತಾರೀಖಿನೊಳಗೆ ಹಾಕಿಬಿಡುತ್ತಾಳೆ. ಊರೂರಿನ ಹೆಂಗಸರು ಅವಳಿಗೆ ಹೂವು, ಚಪ್ಪಾಳೆ ಕಳಿಸುತ್ತಾರೆ. ನಾನು ಆ ಚಿತ್ರಗಳನ್ನು ದೊಡ್ಡದು ಮಾಡಿ ಹಿಮ್ಮಡಿಯ ಹತ್ತಿರ ತಪ್ಪು ಹುಡುಕುತ್ತೇನೆ. ಇವತ್ತಿನವರೆಗೂ ಅವಳಿಗೆ ಒಂದು ಹೆಬ್ಬೆರಳು ಒತ್ತಿಲ್ಲ.

"ಕಡ್ಡಿ ಬದಲಾಗಿದ್ದು ನಿನಗ ಆವಾಗ ಗೊತ್ತಾಗಿತ್ತೇನು?"

"ಎರಡು ಸುತ್ತು ಹೆಣಿಯೂದ್ರಾಗ ಗೊತ್ತಾತು. ಕೈಗಿ ತಿಳಿಯಂಗಿಲ್ಲೇನು?"

"ಮತ್ತ ಯಾಕ ಹೇಳಲಿಲ್ಲ?"

"ಹುಚ್ಚಿ ಇದ್ದಿ ನೋಡು. ಮಂದಿ ಮನ್ಯಾಗ ಇದ್ದಾಕಿ, ಕಡ್ಡಿ ಸಲುವಾಗಿ ಜಗಳ ತಗೀಲೇನು? ದಪ್ಪ ಅವ ಅಂತ ತಿಳದು ಕೈ ಬಿಗಿ ಮಾಡಿ ಹೆಣದೆ. ಭಾಳ ಮಟ್ಟಿಗಿ ಸರಿ ಹೋತಲ್ಲ."

ಆಮೇಲೆ ಈ ತಿಂಗಳ ನನ್ನದು ಎಲ್ಲಿಗೆ ಬಂತೆಂದು ಕೇಳಿದಳು. ಹಿಮ್ಮಡಿಗೆ ಬಂದಿದೆ ಎಂದೆ. ಬಂದಿರಲಿಲ್ಲ. ಫೋನಿಟ್ಟ ಮೇಲೆ ನನ್ನನ್ನು ಚುಚ್ಚಿದ್ದು 'ಮಂದಿ ಮನ್ಯಾಗ' ಎಂಬ ಮಾತು ಎಂದು ಬರೆದರೆ ನನಗೆ ಮರ್ಯಾದೆ. ಚುಚ್ಚಿದ್ದು ಅದಲ್ಲ. ಅಷ್ಟು ಸಣ್ಣ ಹುಡುಗಿ ಬೇರೆ ಕಡ್ಡಿಯಲ್ಲಿ ಕೈಯನ್ನೇ ಬದಲಿಸಿ ಹೆಣೆದಳು ಎನ್ನುವುದು. ನಾನು ತೆಳು ಕಡ್ಡಿಯಲ್ಲಿ ಅದೇ ಸಡಿಲ ಕೈಯಿಂದ ಹೆಣೆಯುತ್ತಾ ಹೋದೆ. ಏನೂ ಗೊತ್ತಾಗಲಿಲ್ಲ, ಕಡ್ಡಿಯ ಗುಣ ನನ್ನೊಳಗೆ ಬರುತ್ತಿದೆ ಎಂದು ಕಾಯುತ್ತಿದ್ದೆ.

ಭಾನುವಾರಕ್ಕೆ ಮೂರು ದಿನ ಇರುವಾಗ ಅವ್ವ ಇಬ್ಬರ ಜೊತೆಗಳನ್ನೂ ಚಾಪೆಯ ಮೇಲಿಟ್ಟಳು. ಒಲೆಯ ಮೇಲೆ ತೊಗರಿಬೇಳೆ ಕುದಿಯುತ್ತಿತ್ತು. ಮೊದಲು ನಂದಾಳದು. ಎರಡೂ ಕೈಗೆ ಎರಡು ಮೋಜಾ ಹಾಕಿಕೊಂಡು ಬಿಸಿಲಿಗೆ ಹಿಡಿದಳು. ಉದ್ದ ಸರಿಯಿತ್ತು. ಅವ್ವ ಕಣ್ಣು ಮುಚ್ಚಿ, ಎರಡನ್ನೂ ಕೆನ್ನೆಗೆ ಒತ್ತಿಕೊಂಡಳು.

"ಎರಡನೇದು ಹಿಮ್ಮಡಿ ಕಡಿ ಹಲಗಿ ಹಂಗ ಬಿರುಸ ಆಗ್ಯಾದ. ಯಾಕ ಇಷ್ಟು ಬಿಗಿದಿ? ಬಿಚ್ಚು."

"ಮೂರ ದಿನ ಉಳದಾದ್ರಿ ಮೌಶಿ."

"ಉಳೀಲಿ. ಇಂಥಾದು ನನ್ನ ಮನಿಂದ ಹೋಗಂಗಿಲ್ಲ."

ನಂದಾ ನನ್ನ ಕಡೆ ನೋಡಿದಳು. ನಾನು ಬೇಳೆಯ ಕಡೆ ನೋಡಿದೆ. ಅವ್ವ ನನ್ನ ಜೊತೆಯನ್ನು ಎತ್ತಿದಳು. ಕೈ ತೂರಿಸಲಿಲ್ಲ. ಒಂದರ ಮೇಲೊಂದು ಇಟ್ಟು ಮಡಚಿ, ಅಂಗೈಯಿಂದ ತಟ್ಟಿದಳು.

"ಜಗುಂದು ನಡೀತದ. ಇದನ್ನ ಒಯ್ಯೋಣು."

ಗೆದ್ದೆ. ಓಣಿಯ ತುದಿಯವರೆಗೆ ಓಡಿ ಹೋಗಿ ಬಂದೆ.

ಭಾನುವಾರ ಮಂಡಳದ ಕೋಣೆಯಲ್ಲಿ ಹಗ್ಗದ ತುಂಬ ಮೋಜಾಗಳು. ಕೆಳಗೆ ಜಮಖಾನೆಯ ಮೇಲೆ ಓಣಿಯ ಹೆಂಗಸರೆಲ್ಲ ಸೆರಗು ಹೊದ್ದು ಕೂತಿದ್ದರು. ನಂದಾ ಅವ್ವನ ಬಲಕ್ಕೆ, ನಾನು ಎಡಕ್ಕೆ. ಬಾಯಿಯವರು ಒಂದೊಂದೇ ಜೊತೆಯನ್ನು ಇಳಿಸಿ, ಎಳೆದು, ಒಳಗೆ ಹೊರಗೆ ಮಾಡಿ ನೋಡುತ್ತಾ ಬಂದರು. ನನ್ನದು ಹಗ್ಗದ ಮೇಲೆ ಮುದುಡಿಕೊಂಡಿದ್ದರಿಂದ ಗೊತ್ತಾಗುತ್ತಿರಲಿಲ್ಲ. ಅವರು ಇಳಿಸಿ, ಹಿಮ್ಮಡಿಗೆ ಹಿಮ್ಮಡಿ ಸೇರಿಸಿ ಹಿಡಿದಾಗ, ಒಂದರ ಬೆರಳ ತುದಿ ಇನ್ನೊಂದಕ್ಕಿಂತ ಎರಡು ಬೆರಳು ಮುಂದೆ ಚಾಚಿತ್ತು.

"ಯೇ ಕ್ಯಾ ಹೈ ಬೆಹೆನ್‌ಜಿ? ಏಕ್ ಬಡಾ, ಏಕ್ ಛೋಟಾ?"

ಒಂದು ದೊಡ್ಡದು, ಒಂದು ಸಣ್ಣದು. ಹಿಂದಿನ ವರ್ಷ ಗೆದ್ದ ನನ್ನ ಅವ್ವ, ಯಾರ ಮುಂದೆಯೂ ಮಾತಿಗೆ ತಡವರಿಸದವಳು, ಸೆರಗು ಸರಿಮಾಡಿಕೊಂಡು ಹೇಳಿದಳು:

"ನನ್ನ ಮಗಳಿಗಿ ಒಂದ ಕಾಲು ಜರಾ ಸಣ್ಣದ ಅದರಿ ಬಾಯಾರ. ಆಕಿ ಅಳತಿಗಿ ಹೆಣದಾಳ."

ಹಿಂದಿನ ಸಾಲಿನ ಒಬ್ಬಾಕೆ ತಡೆದುಕೊಳ್ಳಲಿಲ್ಲ.

"ಹಂಗಾದ್ರ ಚಪ್ಪಲ್ ಹ್ಯಾಂಗ ತರ್ತೀರಿ ಅಕ್ಕಾರ? ಎರಡ ಜೋಡಿ ಕೊಂಡು ಒಂದೊಂದು ಒಗೀತೀರೇನು?"

ಎಲ್ಲರೂ ನಕ್ಕರು. ಬಾಯಿಯವರು ನಗಲಿಲ್ಲ. ಅವ್ವನ ಮಾತನ್ನು ಯಾರೋ ಹಿಂದಿಯಲ್ಲಿ ಹೇಳಿದ ಮೇಲೆ, ನನ್ನನ್ನು ಕರೆದು ಕುರ್ಚಿಯ ಮೇಲೆ ಕೂಡಿಸಿ, ತಾವೇ ನನ್ನ ಕಾಲಿಗೆ ಮೋಜಾ ಹಾಕಿದರು. ಬಲಗಾಲಿಗೆ ಸರಿಯಾಗಿ ಕೂತಿತು. ಎಡಗಾಲಿಗೆ ಎಷ್ಟು ಎಳೆದರೂ ಹಿಮ್ಮಡಿ ಅಂಗಾಲಿನ ನಡುವೆಯೇ ನಿಂತಿತು. ನನ್ನ ಎರಡು ಕಾಲು ಒಂದೇ ಅಳತೆ ಎಂದು ಇಡೀ ಓಣಿ ನೋಡಿತು. ಅವರು ನನ್ನ ತಲೆ ಸವರಿ, ಜೊತೆಯನ್ನು ಹಗ್ಗಕ್ಕೆ ಮತ್ತೆ ಹಾಕದೆ ನನ್ನ ಕೈಗೇ ಕೊಟ್ಟರು. ನಾನು ಅವ್ವನ ಕಡೆ ನೋಡಿದೆ. ನನಗಾಗಿ ಅಷ್ಟು ಜನರ ಮುಂದೆ ಸುಳ್ಳು ಹೇಳಿದ್ದಳಲ್ಲ, ಸಂತೋಷವಾಗಬೇಕಿತ್ತು. ಆಗಿರಲೂಬಹುದು. ಆದರೆ ನೆನಪಿರುವುದು ಅವಳ ಬಲಗಡೆ ನಂದಾ ತಲೆ ತಗ್ಗಿಸಿ ಕೂತದ್ದು. ನಗುತ್ತಿರಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಹಿಂತಿರುಗುವ ದಾರಿಯಲ್ಲಿ ನಂದಾ ಮುಂದೆ ನಡೆದಿದ್ದಳು. ನಾನು ಅವ್ವನ ಕೈ ಹಿಡಿದುಕೊಂಡು ಕೇಳಿದೆ:

"ಆಕಿಂದು ಒಯ್ದಿದ್ರ ಗೆಲ್ತಿತ್ತೇನವ್ವಾ?"

"ಆಕಿಂದು ಇನ್ನಾ ಆಗಿಲ್ಲಲ್ಲವಾ."

"ನಂದು ಆಗಿತ್ತೇನು?"

ಅವ್ವ ಖಾಜಾ ಚಾಚಾರ ಅಂಗಡಿ ದಾಟಿದ ಮೇಲೆ ಹೇಳಿದಳು:

"ನಿನಗ ಎಷ್ಟು ಆಗಬೇಕೋ ಅಷ್ಟು ಆಗಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದು ಅವ್ವ ಗೂಡಿನಿಂದ ಎರಡೂ ಕಟ್ಟು ತೆಗೆದಳು. ಕಡ್ಡಿಗಳನ್ನು ಬೆರಳ ನಡುವೆ ಉರುಳಿಸಿ ನೋಡಿ, ದಾರ ಬಿಚ್ಚಿ, ಕೆಂಪನ್ನು ಅದರ ಜಾಗಕ್ಕೆ, ಕರಿಯನ್ನು ಅದರ ಜಾಗಕ್ಕೆ ಕಟ್ಟಿದಳು. ಯಾರು ಮಾಡಿದ್ದೆಂದು ಕೇಳಲಿಲ್ಲ. ಕೇಳಲೆಂದು ನಾನು ಗೂಡಿನ ಕೆಳಗೇ ನಿಂತಿದ್ದೆ. ನನ್ನನ್ನು ಬದಿಗೆ ಸರಿಸಿ, ನಂದಾಳನ್ನು ಕರೆದು ಎದುರಿಗೆ ಕೂಡಿಸಿಕೊಂಡಳು. ನಂದಾ ಮೂರು ದಿನದಿಂದ ಬಿಚ್ಚದೆ ಇಟ್ಟುಕೊಂಡಿದ್ದ ಎರಡನೆಯ ಮೋಜಾವನ್ನು ಅವ್ವ ತಾನೇ ತೆಗೆದುಕೊಂಡು, ತುದಿಯ ಗಂಟನ್ನು ಹಲ್ಲಿನಿಂದ ಕಡಿದು, ಬಿಚ್ಚತೊಡಗಿದಳು. ಬಿಚ್ಚಿದ ಉಲ್ಲನ್ ಸಿಕ್ಕಾಗದಂತೆ ನಂದಾ ಅಳುತ್ತಾ ಎರಡೂ ಕೈ ಮುಂದೆ ಚಾಚಿ ಹಿಡಿದಿದ್ದಳು. ಅವ್ವ ಅದನ್ನು ಅವಳ ಕೈಗಳ ಸುತ್ತ ಸುತ್ತುತ್ತಾ ಹೋದಳು. ಸ್ಪರ್ಧೆ ಮುಗಿದಿತ್ತು. ಆ ಮೋಜಾ ಇನ್ನು ಯಾರಿಗೂ ಬೇಕಿರಲಿಲ್ಲ. ಆದರೂ ಅವರಿಬ್ಬರೂ ಬೆಳಿಗ್ಗೆಯೇ ಪಂದ್ಯವಿದೆಯೇನೋ ಎಂಬಂತೆ ತಲೆಗೆ ತಲೆ ತಾಗಿಸಿ ಕೂತಿದ್ದರು.

ಅಷ್ಟರಲ್ಲಿ ಅಪ್ಪ ಬಂದು ಊಟಕ್ಕೆ ಎಂದ. ಅವ್ವ ಎದ್ದು ರೊಟ್ಟಿ, ಜುಣಕ, ಬೇಳೆ ತಂದಿಟ್ಟಳು. ನಂದಾ ಕೈಯಿಂದ ಉಲ್ಲನ್ ತೆಗೆಯಲು ನೋಡಿದಾಗ ಅವ್ವ ತಡೆದಳು.

"ಬ್ಯಾಡ, ಸಿಕ್ಕ ಬೀಳ್ತದ. ಹಂಗೇ ಹಿಡಕೊಂಡು ಕೂಡು."

ಆಮೇಲೆ ಅವಳ ಪಕ್ಕದಲ್ಲಿ ಕೂತು, ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ತುತ್ತು ಮಾಡಿ ನಂದಾಳ ಬಾಯಿಗಿಟ್ಟಳು. ನಂದಾ ಅಳುತ್ತಲೇ ಅಗಿದಳು. ಅವ್ವ ಇನ್ನೊಂದು ತುತ್ತು ಮುರಿದಳು. ನಾನು ನನ್ನ ತಾಟನ್ನು ಹತ್ತಿರಕ್ಕೆ ಎಳೆದುಕೊಂಡೆ. ನನ್ನ ಎರಡೂ ಕೈ ಖಾಲಿ ಇದ್ದವು, ನಾನೇ ಮುರಿದುಕೊಂಡು ತಿಂದೆ.